ವಿನಾಯಿತಿ ಇರುವುದು ಉದ್ದೇಶಕ್ಕೆ

ದಾವಣಗೆರೆ
25 ಏಪ್ರಿಲ್ 2025, ಶುಕ್ರವಾರ

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ, 1960ರ 11ನೇ ಕಲಮನ್ನು ವಕೀಲನಾಗಿ ಹಲವು ಸಲ ಓದಿದ್ದೇನೆ, ಅದರ ಮೇಲೆ ವಾದ ಮಾಡಿಯೂ ಇದ್ದೇನೆ. ಅದೇ ಕಾಯಿದೆಯ 14ನೇ ಕಲಮನ್ನು ಮುಂದಿಟ್ಟುಕೊಂಡು ಪಟ್ಟು ಹಿಡಿದು ಮಾತನಾಡಬೇಕಾಗಿ ಬಂದದ್ದು ಇಂದು ಮಧ್ಯಾಹ್ನ, ನಗರದ ಫಾರ್ಮಸಿ ಕಾಲೇಜೊಂದರ ಸಭಾಕೊಠಡಿಯಲ್ಲಿ. ಪ್ರಾಣಿಗಳ ಮೇಲಿನ ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ಅಲ್ಲಿನ ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯಲ್ಲಿ ನನ್ನದು ವಿಜ್ಞಾನಿಯಲ್ಲದ, ಸಾಮಾಜಿಕ ಕಾಳಜಿಯುಳ್ಳ ಸದಸ್ಯನ ಸ್ಥಾನ. ಕಾಲೇಜಿನ ಹೆಸರನ್ನಾಗಲಿ, ಮಾತನಾಡಿದವರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ನಾನು ಎತ್ತಿದ ಪ್ರಶ್ನೆ ಆ ಒಂದು ಕಾಲೇಜಿಗೆ ಸೀಮಿತವಾದದ್ದೂ ಅಲ್ಲ.

11ನೇ ಕಲಂ ನಮ್ಮ ನಿಮ್ಮಂಥವರಿಗೆ ಅನ್ವಯಿಸುವ ಕಲಂ. ಎಪಿಎಂಸಿ ಪ್ರಾಂಗಣಕ್ಕೆ ಮೆಕ್ಕೆಜೋಳದ ಚೀಲಗಳನ್ನು ಮಿತಿಮೀರಿ ಹೇರಿಕೊಂಡು ಬಂದ ಗಾಡಿಯವನು ಮುಂದೆ ಸಾಗದ ಎತ್ತಿಗೆ ಬಾರುಕೋಲಿನಿಂದ ಬಾರಿಸಿದರೆ ಅದು ಅಪರಾಧ. ಹಾನಿಕರವಾದ ಔಷಧವನ್ನೋ ಪದಾರ್ಥವನ್ನೋ ಬೇಕೆಂದೇ, ಸಕಾರಣವಿಲ್ಲದೆ ಪ್ರಾಣಿಗೆ ಕೊಟ್ಟರೆ ಅದೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದವನಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ದಶಕಗಳಿಂದ ಈ ಮೊತ್ತ ಬದಲಾಗಿಲ್ಲ. ಇದೇ ಕಲಮಿನ ಮೂರನೆಯ ಉಪಕಲಂ ಕೆಲವು ಸಂಗತಿಗಳನ್ನು ಅಪರಾಧದ ಪಟ್ಟಿಯಿಂದ ಹೊರಗಿಡುತ್ತದೆ: ದನಗಳ ಬೀಜ ಒಡೆಯುವುದು, ಕೊಂಬು ತೆಗೆಯುವುದು, ಮೂಗುದಾರ ಹಾಕುವುದು, ಆಹಾರಕ್ಕಾಗಿ ಕೊಲ್ಲುವುದು, ಅವುಗಳ ಜೊತೆಗೆ ಕಾಯಿದೆಯ ನಾಲ್ಕನೆಯ ಅಧ್ಯಾಯದಲ್ಲಿ ಹೇಳಿರುವ ಎಲ್ಲ ವಿಷಯ. ನಾಲ್ಕನೆಯ ಅಧ್ಯಾಯವೆಂದರೆ ಪ್ರಾಣಿಗಳ ಮೇಲಿನ ಪ್ರಯೋಗ, ಅದರ ಮೊದಲ ಕಲಮೇ 14. ಶರೀರಕ್ರಿಯೆಯ ಬಗ್ಗೆ ಹೊಸ ಶೋಧದಿಂದ ತಿಳಿವಳಿಕೆಯನ್ನು ಮುಂದುವರಿಸುವ ಸಲುವಾಗಿ, ಅಥವಾ ಜೀವ ಉಳಿಸಲು, ಆಯುಸ್ಸು ಹೆಚ್ಚಿಸಲು, ಸಂಕಟ ಕಡಿಮೆ ಮಾಡಲು, ಮನುಷ್ಯರ, ಪ್ರಾಣಿಗಳ, ಸಸ್ಯಗಳ ರೋಗಗಳನ್ನು ಎದುರಿಸಲು ಉಪಯೋಗವಾಗುವ ತಿಳಿವಳಿಕೆಯ ಸಲುವಾಗಿ ನಡೆಸುವ ಪ್ರಯೋಗವನ್ನು ಈ ಕಾಯಿದೆಯ ಯಾವ ಅಂಶವೂ ಕಾನೂನುಬಾಹಿರಗೊಳಿಸುವುದಿಲ್ಲ ಎಂಬುದು ಅದರ ಸಾರಾಂಶ.

ಅಂದರೆ ಗಾಡಿಯವನಿಗೆ ಇಲ್ಲದ ರಕ್ಷಣೆಯನ್ನು ಕಾನೂನು ಸಂಶೋಧಕನಿಗೆ ಕೊಟ್ಟಿದೆ. ಕೊಟ್ಟಿರುವುದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಆ ರಕ್ಷಣೆ ಕಾಲೇಜಿನ ಕಟ್ಟಡಕ್ಕೂ, ನೋಂದಣಿ ಸಂಖ್ಯೆಗೂ, ಬಿಳಿ ಕೋಟಿಗೂ ಅಂಟಿಕೊಂಡು ಬರುವುದಿಲ್ಲ. ಅದು ಉದ್ದೇಶಕ್ಕೆ ಅಂಟಿಕೊಂಡಿದೆ. ಉದ್ದೇಶ ಆ ಕಲಮಿನೊಳಗೆ ಬರದಿದ್ದರೆ ಇಲಿಯ ಕಾಲಿಗೆ ಚುಚ್ಚುವ ಸೂಜಿಯನ್ನು 11ನೇ ಕಲಮಿನ ಕೆಳಗೇ ಅಳೆಯಬೇಕಾಗುತ್ತದೆ. ಇಂದು ನಾನು ಸಭೆಯಲ್ಲಿ ಹೇಳಿದ್ದು ಇಷ್ಟೇ, ಆದರೆ ಹೇಳಬೇಕಾಗಿ ಬಂದ ಸಂದರ್ಭವನ್ನು ವಿವರವಾಗಿ ಬರೆಯಬೇಕು.

ಪ್ರಸ್ತಾವ ಒಬ್ಬ ಎಂ.ಫಾರ್ಮ್ ವಿದ್ಯಾರ್ಥಿನಿಯದು. ಲಕ್ಕಿ ಸೊಪ್ಪಿನ ಸಾರಕ್ಕೆ ಊತ ಇಳಿಸುವ ಗುಣವಿದೆಯೇ ಎಂದು ಇಲಿಗಳ ಮೇಲೆ ಪರೀಕ್ಷಿಸುವುದು ಅದರ ವಿಷಯ. ಲಕ್ಕಿ ಗಿಡ ನಮ್ಮ ಕಡೆ ಹಳ್ಳದ ದಂಡೆಯಲ್ಲಿ, ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುತ್ತದೆ, ಕೀಲುನೋವಿಗೆ ಅದರ ಎಲೆ ಬಿಸಿ ಮಾಡಿ ಶಾಖ ಕೊಡುವುದನ್ನು ಮನೆಯ ಹಿರಿಯರು ಬಲ್ಲರು. ಪ್ರಯೋಗದ ಕ್ರಮ ಹೀಗೆ: ವಿಸ್ಟಾರ್ ತಳಿಯ 30 ಬಿಳಿ ಇಲಿಗಳು, ಆರಾರರಂತೆ ಐದು ಗುಂಪು. ಒಂದು ಗುಂಪಿಗೆ ಔಷಧವಿಲ್ಲದ ದ್ರಾವಣ, ಒಂದಕ್ಕೆ ಊತ, ನೋವು ಇಳಿಸುವ ಪರಿಚಿತ ಔಷಧ ಡೈಕ್ಲೋಫೆನಾಕ್, ಉಳಿದ ಮೂರಕ್ಕೆ ಮೂರು ಪ್ರಮಾಣದಲ್ಲಿ ಲಕ್ಕಿಯ ಸಾರ. ಇವನ್ನೆಲ್ಲ ಬಾಯಿಯಿಂದ ಹೊಟ್ಟೆಗೆ ಕೊಳವೆ ಇಳಿಸಿ ಕೊಡುತ್ತಾರೆ. ಆಮೇಲೆ ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಎಂಬ ಪದಾರ್ಥದ ಶೇಕಡಾ 1ರ ದ್ರಾವಣವನ್ನು 0.1 ಮಿಲಿಲೀಟರಿನಷ್ಟು ಹಿಂಗಾಲಿನ ಅಂಗಾಲಿಗೆ ಚುಚ್ಚುತ್ತಾರೆ. ಕಾಲು ಕೆಂಪಾಗಿ ಊದತೊಡಗಿ ಮೂರರಿಂದ ಐದು ಗಂಟೆಯ ಹೊತ್ತಿಗೆ ಊತ ಏರಬೇಕಾದಷ್ಟು ಏರಿರುತ್ತದೆ. ಗಂಟೆಗೊಮ್ಮೆ ಇಲಿಯನ್ನು ಹಿಡಿದು, ಮೊದಲೇ ಶಾಯಿಯಿಂದ ಗುರುತು ಮಾಡಿದ ಮಟ್ಟದವರೆಗೆ ಆ ಕಾಲನ್ನು ಪ್ಲೆಥಿಸ್ಮೋಮೀಟರಿನ ದ್ರವದಲ್ಲಿ ಅದ್ದಿ, ಎಷ್ಟು ದ್ರವ ಮೇಲೇರಿತೆಂದು ಬರೆದುಕೊಳ್ಳುತ್ತಾರೆ. ಇದರಲ್ಲಿ ಮೊದಲ ಗುಂಪಿನ ಆರು ಇಲಿಗಳ ನೋವಿಗೆ ಯಾವ ಔಷಧವೂ ಇಲ್ಲ. ಇರಲೂಬಾರದು, ಏಕೆಂದರೆ ಅವುಗಳ ಊತವೇ ಉಳಿದೆಲ್ಲದಕ್ಕೂ ಅಳತೆಗೋಲು.

"ಇದೇ ಸೊಪ್ಪಿನ ಮೇಲೆ ಇದೇ ಪರೀಕ್ಷೆ ಮೊದಲು ಆಗಿದೆಯೇನಮ್ಮ?" ಎಂದು ಕೇಳಿದೆ.

"ಆಗಿದೆ ಸರ್, ಬಹಳ ಪೇಪರ್ ಇವೆ. ಆದರೆ ನಮ್ಮ ಭಾಗದ ಗಿಡದ ಮೇಲೆ ಆಗಿಲ್ಲ" ಎಂದಳು. ತಯಾರಾಗಿಯೇ ಬಂದಿದ್ದ, ಮುಚ್ಚುಮರೆಯಿಲ್ಲದ ಹುಡುಗಿ.

ಅವಳ ಮಾರ್ಗದರ್ಶಕಿ ನಡುವೆ ಮಾತನಾಡಿದರು. "ಸರ್, ಪ್ರಾಣಿ ಪ್ರಯೋಗ ಇಲ್ಲದ ಥೀಸಿಸ್ಸಿಗೆ ಪರೀಕ್ಷಕರು ತೂಕ ಕೊಡೋದಿಲ್ಲ. ಜರ್ನಲ್‌ನವರೂ ಅದನ್ನೇ ಕೇಳ್ತಾರೆ. ಇವಳಿಗೆ ಇರೋದು ಒಂದು ವರ್ಷ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ, ಮತ್ತು ವಿದ್ಯಾರ್ಥಿನಿಯ ಭವಿಷ್ಯದ ಬಗೆಗಿನ ಅವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಪದವಿ ಪಡೆಯುವುದು 14ನೇ ಕಲಮಿನಲ್ಲಿ ಹೆಸರಿಸಿದ ಉದ್ದೇಶಗಳಲ್ಲಿ ಇಲ್ಲ. ಪರೀಕ್ಷಕರ ಮೆಚ್ಚುಗೆಯೂ ಇಲ್ಲ. ಹಲವರು ಈಗಾಗಲೇ ಕಂಡುಕೊಂಡಿರುವುದನ್ನು ಇನ್ನೊಮ್ಮೆ ಕಾಣುವುದಕ್ಕಾಗಿ 30 ಜೀವಗಳ ಕಾಲು ಊದಿಸುವುದನ್ನು ಹೊಸ ಶೋಧವೆಂದು ನಾನು ಹೇಗೆ ಸಹಿ ಮಾಡಲಿ ಎಂದು ಕೇಳಿದೆ. ಈ ಭಾಗದ ಮಣ್ಣಿನಲ್ಲಿ ಬೆಳೆದ ಗಿಡದ ರಾಸಾಯನಿಕ ಸಂಯೋಜನೆ ಬೇರೆ ಇರಬಹುದೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದು ಬೇರೆಯೋ ಅಲ್ಲವೋ ಎಂಬುದನ್ನು ಸಾರದ ಘಟಕಗಳನ್ನು ಬೇರ್ಪಡಿಸಿ ತೋರಿಸುವ ಕ್ರೊಮಟೋಗ್ರಫಿ ಹೇಳುತ್ತದೆ, ಅದಕ್ಕೆ ಇಲಿ ಬೇಕಾಗುವುದಿಲ್ಲ. ಹಾಗೆ ಹೇಳಿದಾಗ ಸಮಿತಿಯ ಪಶುವೈದ್ಯರು ನನ್ನ ಜೊತೆ ದನಿಗೂಡಿಸಿದರು. ಊತಶಾಮಕ ಗುಣದ ಮೊದಲ ಸುಳಿವನ್ನು ಮನುಷ್ಯರ ಕೆಂಪು ರಕ್ತಕಣದ ಪೊರೆ ಎಷ್ಟರಮಟ್ಟಿಗೆ ಒಡೆಯದೆ ಉಳಿಯುತ್ತದೆ ಎಂಬುದರಿಂದ ಗಾಜಿನ ನಳಿಕೆಯಲ್ಲೇ ತಿಳಿಯಬಹುದು, ಸ್ವಯಂಸೇವಕರೊಬ್ಬರಿಂದ ಪಡೆದ ಕೆಲವು ಮಿಲಿಲೀಟರ್ ರಕ್ತ ಸಾಕು ಎಂಬುದು ಅವರ ಸಲಹೆ. ಆ ಪರೀಕ್ಷೆ ವಿದ್ಯಾರ್ಥಿನಿಗೂ ಗೊತ್ತಿತ್ತು.

ಸಮಿತಿ ಪ್ರಸ್ತಾವವನ್ನು ತಿರಸ್ಕರಿಸಲಿಲ್ಲ, ಹಿಂದಿರುಗಿಸಿತು. ಮೊದಲು ಸಂಯೋಜನೆಯ ವಿಶ್ಲೇಷಣೆ, ಆಮೇಲೆ ನಳಿಕೆಯ ಪರೀಕ್ಷೆ. ಅಲ್ಲಿ ಈವರೆಗೆ ವರದಿಯಾಗದ ಏನಾದರೂ ಕಂಡರೆ ಮಾತ್ರ ಇಲಿಗಳ ಮಾತು, ಅದೂ ಮೂರರ ಬದಲು ಒಂದೇ ಪ್ರಮಾಣದಲ್ಲಿ.

14ನೇ ಕಲಮಿರುವ ಅಧ್ಯಾಯದಲ್ಲೇ ಬರುವ 17ನೇ ಕಲಮನ್ನು ಹೆಚ್ಚು ಜನ ಓದುವುದಿಲ್ಲ. ವಿನಾಯಿತಿಯ ಷರತ್ತುಗಳೆಲ್ಲ ಅಲ್ಲಿವೆ. ಪ್ರಯೋಗದ ಮೊದಲು, ಪ್ರಯೋಗದ ವೇಳೆಯಲ್ಲಿ, ಆನಂತರವೂ ಅನಗತ್ಯ ನೋವು ಕೂಡದು. ಸಾಧ್ಯವಿದ್ದಲ್ಲಿ ಪ್ರಾಣಿಯನ್ನು ಬಳಸದೆ ಬಿಡಬೇಕು. ಸಣ್ಣ ಪ್ರಾಣಿಯಿಂದ ಆಗುವ ಕೆಲಸಕ್ಕೆ ದೊಡ್ಡದನ್ನು ತರಬಾರದು. ಬರೀ ಕೈಚಳಕ ಕಲಿಯಲು ಪ್ರಯೋಗ ಮಾಡಬಾರದು. ಅರಿವಳಿಕೆಯಲ್ಲಿರುವಾಗ ಚೇತರಿಸಿಕೊಂಡರೆ ತೀವ್ರವಾಗಿ ನರಳಬೇಕಾದಷ್ಟು ಗಾಯವಾದ ಪ್ರಾಣಿಗೆ ಎಚ್ಚರವಾಗುವ ಮೊದಲೇ ಸಾವು ಕೊಡಬೇಕು. ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಬಹುದಾದುದನ್ನು ಕಾಲೇಜುಗಳು ಜೀವಂತ ಪ್ರಾಣಿಯ ಮೇಲೆ ಕಲಿಸಬಾರದೆಂಬ ಆಶಯ ಕೂಡ 1960ರಿಂದಲೇ ಅಲ್ಲಿದೆ. ಆದರೂ ನಾವು ಪಿಯುಸಿ ಓದುವಾಗ ಭದ್ರಾ ನಾಲೆಯ ಗದ್ದೆಗಳಿಂದ ಹಿಡಿದು ತಂದ ಕಪ್ಪೆಗಳನ್ನು ಮೇಣದ ತಟ್ಟೆಗೆ ಗುಂಡುಸೂಜಿಯಿಂದ ಚುಚ್ಚಿ ನಿಲ್ಲಿಸಿಯೇ ಹೃದಯ ಬಡಿಯುವುದನ್ನು ನೋಡಿದೆವು. ಆ ಹೃದಯ ಎಲ್ಲಿರುತ್ತದೆ, ಹೇಗಿರುತ್ತದೆ ಎಂಬುದು ಪಠ್ಯಪುಸ್ತಕದ ಚಿತ್ರದಲ್ಲೇ ಇತ್ತು. ಪ್ರಾಣಿಶಾಸ್ತ್ರದ ಪದವಿ ತರಗತಿಗಳಲ್ಲಿ ಛೇದನವನ್ನು ನಿಲ್ಲಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ ಸ್ಪಷ್ಟವಾಗಿ ಹೇಳಿದ್ದು 2014ರಲ್ಲಿ. ಕಾಯಿದೆಗೂ ತರಗತಿಗೂ ನಡುವಿನ ಆ ಐವತ್ತು ವರ್ಷಗಳ ಬಹುಪಾಲು ಷರತ್ತನ್ನು ಕೇಳುವವರು ಮೇಜಿನ ಬಳಿ ಇರಲಿಲ್ಲ. ಪ್ರಾಣಿಪ್ರಯೋಗಗಳ ಮೇಲೆ ನಿಗಾ ಇಡುವ, 15ನೇ ಕಲಮಿನ ರಾಷ್ಟ್ರೀಯ ಸಮಿತಿ 1964ರಲ್ಲೇ ರಚನೆಯಾಗಿದ್ದರೂ, ಪ್ರತಿ ಸಂಸ್ಥೆಯೂ ನೋಂದಾಯಿಸಿಕೊಂಡು ತನ್ನದೇ ನೈತಿಕ ಸಮಿತಿಯನ್ನು ಇಟ್ಟುಕೊಳ್ಳಬೇಕೆಂಬ ವ್ಯವಸ್ಥೆ ಬಂದದ್ದು 1998ರ ನಿಯಮಗಳಿಂದ.

ಪ್ರಾಣಿಪ್ರಯೋಗವೇ ಬೇಡವೆನ್ನುವ ಸ್ನೇಹಿತರು ನನಗಿದ್ದಾರೆ. ಅವರ ಮುಂದೆ ನಾನು ಹುಚ್ಚುನಾಯಿ ಕಡಿತದ ಲಸಿಕೆಯ ಮಾತೆತ್ತುತ್ತೇನೆ. ನಮ್ಮ ಬಾಲ್ಯದಲ್ಲಿ ನಾಯಿ ಕಚ್ಚಿದರೆ ಹೊಕ್ಕುಳಿನ ಸುತ್ತ 14 ಇಂಜೆಕ್ಷನ್ ಎಂಬ ಮಾತು ಮಕ್ಕಳನ್ನು ನಡುಗಿಸುತ್ತಿತ್ತು. ಆ ಲಸಿಕೆ ತಯಾರಾಗುತ್ತಿದ್ದುದು ಜೀವಂತ ಕುರಿಗೆ ರೋಗ ಅಂಟಿಸಿ, ಅದರ ಮಿದುಳಿನಿಂದ. ಕುರಿಗೆ ಯಾತನೆ, ಲಸಿಕೆ ಪಡೆದವರಲ್ಲಿ ಕೆಲವರಿಗೆ ಮಿದುಳಿನ ಅಂಶದ ದೆಸೆಯಿಂದ ಪಾರ್ಶ್ವವಾಯುವಿನಂಥ ತೊಂದರೆ, ಹೀಗಿದ್ದರೂ ಅದು ಲೆಕ್ಕವಿಲ್ಲದಷ್ಟು ಜೀವಗಳನ್ನು ಉಳಿಸಿತು. ಭಾರತದಲ್ಲಿ ಅದರ ತಯಾರಿಕೆ 2004ರ ಡಿಸೆಂಬರಿನಲ್ಲಿ ನಿಂತಿತು. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ತೋಳಿಗೆ ಕೊಡುವ ಲಸಿಕೆಯ ವೈರಾಣು ಬೆಳೆಯುವುದು ಪ್ರಯೋಗಾಲಯದ ಜೀವಕೋಶಗಳಲ್ಲಿ. ಕುರಿಗೆ ಬದಲಿ ಹುಡುಕಿದ್ದರಿಂದ ಮನುಷ್ಯನಿಗೆ ಸಿಕ್ಕಿದ್ದು ಹೆಚ್ಚು ಸುರಕ್ಷಿತವಾದ ಲಸಿಕೆ. ಹಾವಿನ ವಿಷಕ್ಕೆ ಮಾತ್ರ ಇಂದಿಗೂ ಕುದುರೆಯ ರಕ್ತವೇ ಗತಿ. ಕುದುರೆಗೆ ವಿಷವನ್ನು ಸ್ವಲ್ಪಸ್ವಲ್ಪವೇ ಚುಚ್ಚಿ ಪಡೆಯುವ ಪ್ರತಿವಿಷವಿಲ್ಲದೆ ಚನ್ನಗಿರಿ, ಹೊನ್ನಾಳಿಯ ತೋಟಗಳಲ್ಲಿ ಕೊಳಕುಮಂಡಲ ಕಚ್ಚಿದ ಕೂಲಿಕಾರ ಬದುಕುವುದು ಕಷ್ಟ. ಇಂಥಲ್ಲಿ 14ನೇ ಕಲಂ ಬೇಕೇ ಬೇಕು. ಅದನ್ನು ಇಂಥದ್ದಕ್ಕಾಗಿ ಉಳಿಸಿಕೊಳ್ಳಬೇಕಾದರೆ ಲಕ್ಕಿ ಸೊಪ್ಪಿನ ಮರುಪರೀಕ್ಷೆಗೆ ಅದನ್ನು ಖರ್ಚು ಮಾಡಬಾರದು.

ಬದಲಿ ವಿಧಾನಗಳ ಪರವಾಗಿ ಕಾನೂನೂ ಈಚೆಗೆ ನಿಧಾನವಾಗಿ ಸರಿಯುತ್ತಿದೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 2014ರಲ್ಲಿ ನಿಷೇಧಿಸಲಾಯಿತು. 2023ರಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಂದ ತಿದ್ದುಪಡಿ, ಪ್ರಾಣಿ ಪರೀಕ್ಷೆಯ ಜಾಗದಲ್ಲಿ ಜೀವಕೋಶ ಆಧಾರಿತ ಪರೀಕ್ಷೆ, ಕಂಪ್ಯೂಟರ್ ಮಾದರಿ ಮುಂತಾದವನ್ನು ಒಪ್ಪಿಕೊಳ್ಳಲು ದಾರಿ ಮಾಡಿತು. ಪ್ರಾಣಿ ದತ್ತಾಂಶವಿಲ್ಲದೆ ಯಾವುದೂ ಮುಂದೆ ಸಾಗದು ಎಂಬ ಮಾತನ್ನು ಇನ್ನು ಮೊದಲಿನಷ್ಟು ಖಚಿತವಾಗಿ ಹೇಳುವಂತಿಲ್ಲ. ಈ ತಿದ್ದುಪಡಿಯ ಪ್ರತಿಯನ್ನು ಮಾರ್ಗದರ್ಶಕಿಯವರಿಗೆ ಕಳುಹಿಸುವುದಾಗಿ ಒಪ್ಪಿಕೊಂಡಿದ್ದೇನೆ.

ಸಭೆ ಮುಗಿದ ಮೇಲೆ ಪ್ರಾಣಿಗೃಹ ನೋಡಲು ಹೋದೆವು. ಹೊರಗೆ ಏಪ್ರಿಲ್ ಬಿಸಿಲು ರಣಗುಡುತ್ತಿತ್ತು, ಒಳಗೆ ತಾಪಮಾನ 18ರಿಂದ 29 ಡಿಗ್ರಿಯ ನಡುವೆ ಇರಬೇಕೆಂಬುದು ಮಾರ್ಗಸೂಚಿ. ಗೋಡೆಯ ಮಾಪಕ 27 ತೋರಿಸುತ್ತಿತ್ತು, ಕರೆಂಟು ಹೋದರೆ ಜನರೇಟರ್ ತಾನಾಗಿ ಹೊತ್ತಿಕೊಳ್ಳುವುದನ್ನೂ ತೋರಿಸಿದರು. ಪ್ಲಾಸ್ಟಿಕ್ ಪಂಜರಗಳಲ್ಲಿ ಭತ್ತದ ಹೊಟ್ಟಿನ ಹಾಸು, ಮೇಲೆ ಸ್ಟೀಲಿನ ಜಾಲರಿ, ತಲೆಕೆಳಗಾಗಿಟ್ಟ ನೀರಿನ ಬಾಟಲಿ. ಒಂದು ಪಂಜರದಲ್ಲಿ, ಹಿಂದೆ ಒಪ್ಪಿಗೆ ಪಡೆದ ಸಂಧಿವಾತದ ಪ್ರಯೋಗದ ಇಲಿಯೊಂದು ಊದಿದ ಹಿಂಗಾಲನ್ನು ನೆಲಕ್ಕೆ ತಾಗಿಸದೆ, ಉಳಿದ ಮೂರು ಕಾಲುಗಳ ಮೇಲೆ ಭಾರ ಹಾಕಿ ಮುಂದೆ ಜರುಗಿ, ಮತ್ತೆ ಮತ್ತೆ ನಿಂತು ಆ ಪಾದವನ್ನು ನೆಕ್ಕಿಕೊಳ್ಳುತ್ತಿತ್ತು. ಆ ಪ್ರಯೋಗಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಅದರ ಉದ್ದೇಶ ಹೊಸದಾಗಿತ್ತು, ಬದಲಿ ಇರಲಿಲ್ಲ, ಸಂಖ್ಯೆಯನ್ನು ಕನಿಷ್ಠಕ್ಕೆ ಇಳಿಸಿದ್ದೆವು. ಇಂದು ಕೇಳಿದರೂ ಸಹಿ ಹಾಕುತ್ತೇನೆ. ಹಾಗೆ ಹಾಕುವವನು ಆ ಪಂಜರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆಂದು ಮಾತ್ರ ನನಗೆ ಬಲವಾಗಿ ಅನ್ನಿಸುತ್ತದೆ.

ನಿಯಮ ಮೀರಿದರೆ ಏನಾಗುತ್ತದೆ? ರಾಷ್ಟ್ರೀಯ ಸಮಿತಿಯ ಆದೇಶವನ್ನೋ ಷರತ್ತನ್ನೋ ಉಲ್ಲಂಘಿಸಿದವರಿಗೆ 20ನೇ ಕಲಮಿನ ಕೆಳಗೆ ಹೆಚ್ಚೆಂದರೆ 200 ರೂಪಾಯಿ ದಂಡ. ಒಂದು ಪಂಜರದ ಬೆಲೆಯೂ ಅದಕ್ಕಿಂತ ಹೆಚ್ಚು. 19ನೇ ಕಲಮಿನ ಕೆಳಗೆ ಸಂಸ್ಥೆಯ ಪ್ರಯೋಗಗಳನ್ನೇ ನಿಲ್ಲಿಸುವ ಅಧಿಕಾರ ಸಮಿತಿಗಿದೆ, ಸಂಸ್ಥೆಗಳು ಅಂಜುವುದಿದ್ದರೆ ಅದಕ್ಕೆ. ಕಾಯಿದೆಯ ದಂಡಗಳನ್ನು ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ಪ್ರಕಟಿಸಿತು, ಅದು ಇನ್ನೂ ಕಾಯಿದೆಯಾಗಿಲ್ಲ. ಹೀಗಿರುವಾಗ ವಿನಾಯಿತಿಯ ಗಡಿ ಕಾಯುವ ಹೊಣೆ ನಮ್ಮಂಥ ಸಣ್ಣ ಸಮಿತಿಗಳ ಮೇಲೇ ಬೀಳುತ್ತದೆ. ಎಂಟು ಜನರಲ್ಲಿ ಹೆಚ್ಚಿನವರು ಅದೇ ಸಂಸ್ಥೆಯ ಸಹೋದ್ಯೋಗಿಗಳಾಗಿರುವಾಗ, ಪಕ್ಕದ ಕುರ್ಚಿಯವರ ವಿದ್ಯಾರ್ಥಿಯ ಪ್ರಸ್ತಾವಕ್ಕೆ ಬೇಡವೆನ್ನುವುದು ಸುಲಭವಲ್ಲ. ನನಗೆ ಆ ಮುಲಾಜಿಲ್ಲ, ಆದ್ದರಿಂದ ಕೇಳುವ ಕರ್ತವ್ಯ ನನ್ನದೇ ಹೆಚ್ಚು.

ಅಧ್ಯಕ್ಷರಿಗೆ ಇಂದು ಎರಡು ಕೋರಿಕೆಗಳನ್ನು ಲಿಖಿತವಾಗಿ ಕೊಟ್ಟು ಬಂದಿದ್ದೇನೆ. ಒಪ್ಪಿಗೆ ಪಡೆದ ಪ್ರತಿ ಪ್ರಯೋಗವೂ ಮುಗಿದ ಮೇಲೆ, ಎಷ್ಟು ಪ್ರಾಣಿಗಳಿಗೆ ಒಪ್ಪಿಗೆ ಇತ್ತು, ಎಷ್ಟನ್ನು ಬಳಸಿದರು, ಅವು ಕೊನೆಗೆ ಏನಾದವು ಎಂಬ ವಿವರ ಸಮಿತಿಯ ಮುಂದೆ ಬರಬೇಕು ಎಂಬುದು ಮೊದಲನೆಯದು. ಪ್ರತಿ ಪ್ರಸ್ತಾವದ ಮೇಲೂ ಒಂದು ಪುಟ ಇರಬೇಕು, ಅದರಲ್ಲಿ ಈ ಪ್ರಯೋಗದಿಂದ ಈವರೆಗೆ ತಿಳಿಯದ ಯಾವ ಸಂಗತಿ ತಿಳಿಯುತ್ತದೆ ಎಂಬುದನ್ನು ಹತ್ತನೆಯ ತರಗತಿ ಓದಿದವರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದಿರಬೇಕು ಎಂಬುದು ಎರಡನೆಯದು. ಮೊದಲನೆಯದಕ್ಕೆ ಅವರು ಕೂಡಲೇ ಒಪ್ಪಿದರು. ಎರಡನೆಯದನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿದ್ದಾರೆ.