ವಾರಾಹಿಯ ಜೊತೆ ಇಳಿದು, ಶರಾವತಿಯ ಜೊತೆ ಹತ್ತಿದ ಒಂದು ದಿನ

ಶಿವಮೊಗ್ಗದಿಂದ ಸಮುದ್ರದ ಕಡೆಗೆ ಹೊರಟವನು ಮೊದಲು ಬಗೆಹರಿಸಿಕೊಳ್ಳಬೇಕಾದದ್ದು ಯಾವ ಘಟ್ಟ ಇಳಿಯಬೇಕು ಎಂಬುದನ್ನು. ಆಗುಂಬೆಯ 14 ಹಿಮ್ಮುರಿ ತಿರುವುಗಳಲ್ಲಿ ಇಳಿದು ಹೆಬ್ರಿಯ ಮೇಲೆ ಉಡುಪಿಗೆ ಹೋಗಬಹುದು. ಹೊಸನಗರದಿಂದ ಹುಲಿಕಲ್ ಇಳಿದು ಕುಂದಾಪುರ ಸೇರಬಹುದು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ, ಸಾಗರದಿಂದ ತುಮರಿಯ ಮೇಲೆ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಲಾಂಚಿಗೆ ಕಾಯುವ ಕೆಲಸವೂ ತಪ್ಪಿದೆ. ತಾಳಗುಪ್ಪದಿಂದ ಗೇರುಸೊಪ್ಪೆಯ ಕಡೆಗೆ ಇಳಿದರೆ ಹೊನ್ನಾವರ. ನಾನು ಹುಲಿಕಲ್‌ನಲ್ಲಿ ಇಳಿದು ಗೇರುಸೊಪ್ಪೆಯಲ್ಲಿ ಹತ್ತುವುದೆಂದು ತೀರ್ಮಾನಿಸಿದೆ. ಇಳಿಯುವಾಗ ವಾರಾಹಿ, ಹತ್ತುವಾಗ ಶರಾವತಿ, ನಡುವೆ ಕುಂದಾಪುರದಿಂದ ಹೊನ್ನಾವರದವರೆಗೆ ಕಡಲ ಬದಿಯ ಹೆದ್ದಾರಿ. ಒಟ್ಟು ನಾನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ.

ಗಾಡಿ ಅಪ್ಪನ ಕಾಲದ ಸ್ಪ್ಲೆಂಡರ್. ನೂರು ಸಿಸಿಗೂ ಒಂದಿಷ್ಟು ಕಡಿಮೆ, ನಾಲ್ಕು ಗೇರು, ಅರವತ್ತು ದಾಟಿದರೆ ಕನ್ನಡಿಯಲ್ಲಿ ಹಿಂದಿನ ರಸ್ತೆ ನಡುಗತೊಡಗುತ್ತದೆ. ಒಬ್ಬನೇ ಏಕೆ ಹೋಗುತ್ತೀಯೆಂದು ಕೇಳುವವರಿಗೆ ನಾನು ಕೊಡುವ ಉತ್ತರ ಸರಳವಾದದ್ದು: ಈ ಗಾಡಿಯ ವೇಗಕ್ಕೆ ಜೊತೆ ಬರುವವರು ಸಿಗುವುದಿಲ್ಲ.

ಡಿಸೆಂಬರಿನ ಮೊದಲ ಶನಿವಾರ ಬೆಳಿಗ್ಗೆ ಐದೂಕಾಲಿಗೆ ಮನೆ ಬಿಟ್ಟೆ. ಆಯನೂರು ದಾಟಿದ ಮೇಲೆ ಮಂಜು ಎಷ್ಟು ದಟ್ಟವಾಯಿತೆಂದರೆ, ಹೆಲ್ಮೆಟ್ಟಿನ ಗಾಜನ್ನು ಮೇಲಕ್ಕೆತ್ತಿ, ಕಣ್ಣಿಗೆ ನೀರು ಬಂದರೂ ಬರಲಿ ಎಂದು ಮೂವತ್ತರ ವೇಗದಲ್ಲಿ ರಸ್ತೆಯ ಅಂಚಿನ ಬಿಳಿ ಗೆರೆಯನ್ನು ಹಿಡಿದುಕೊಂಡು ಹೋಗಬೇಕಾಯಿತು. ಇದು ಅಡಿಕೆ ಕೊಯ್ಲಿನ ಕಾಲ. ರಿಪ್ಪನ್‌ಪೇಟೆಯ ಆಚೆ ಮನೆಗಳು ಕಾಣುವ ಮೊದಲೇ ಹಂಡೆಯಲ್ಲಿ ಅಡಿಕೆ ಬೇಯುವ ಒಗರು ವಾಸನೆ ಮಂಜಿನೊಳಗಿಂದ ಬರುತ್ತಿತ್ತು; ಆ ವಾಸನೆ ಬಂದ ಕಡೆಯೆಲ್ಲ ಒಂದು ಅಂಗಳವಿದೆ, ಅಲ್ಲಿಂದ ನಾಯಿಯೋ ಮಗುವೋ ರಸ್ತೆಗೆ ಬರಬಹುದೆಂದು ತಿಳಿದು ನಾನು ವೇಗ ತಗ್ಗಿಸುತ್ತಿದ್ದೆ.

ಹೊಸನಗರದಲ್ಲಿ ಒಂದು ಲೋಟ ಚಹಾ ಕುಡಿದು ನಗರಕ್ಕೆ ಬರುವ ಹೊತ್ತಿಗೆ ಬಿಸಿಲು ಬಿದ್ದಿತ್ತು. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು ಇದೇ. 1763ರಲ್ಲಿ ಹೈದರಾಲಿ ಇದನ್ನು ಗೆದ್ದು ತನ್ನ ಹೆಸರಿಟ್ಟ, ಕೊನೆಗೆ ‘ನಗರ’ ಎಂಬುದಷ್ಟೇ ಉಳಿಯಿತು. ಕೋಟೆಯ ಒಳಗೆ ನಾನು ಹೋಗಲಿಲ್ಲ. ಹೊರಗೆ ಗಾಡಿ ನಿಲ್ಲಿಸಿ ಕೈ ಬೆಚ್ಚಗೆ ಮಾಡಿಕೊಂಡೆ, ಅಷ್ಟೇ. ಆದರೆ ಈ ರಾಜಧಾನಿ ಘಟ್ಟದ ನೆತ್ತಿಗೆ ಇಷ್ಟು ಹತ್ತಿರ ಏಕಿದೆಯೆಂಬುದು ಬೈಕಿನಲ್ಲಿ ಬಂದವನಿಗೆ ಬೇಗ ಅರ್ಥವಾಗುತ್ತದೆ. ಇಲ್ಲಿಂದ ಮುಂದಕ್ಕೆ ಇಳಿದರೆ ಬಸ್ರೂರು, ಅಂದರೆ ಬಂದರು. ಮೆಣಸು, ಅಕ್ಕಿ ಹೇರೆತ್ತುಗಳ ಬೆನ್ನ ಮೇಲೆ ಕೆಳಗೆ ಹೋಗುತ್ತಿದ್ದವು, ಉಪ್ಪು ಮೇಲೆ ಬರುತ್ತಿತ್ತು. ನನ್ನ ಅಜ್ಜಿ ಕೊನೆಯವರೆಗೂ ಉಪ್ಪನ್ನೂ ಒಣಮೀನನ್ನೂ ‘ಘಟ್ಟದ ಕೆಳಗಿನ ಸಾಮಾನು’ ಎಂದೇ ಕರೆಯುತ್ತಿದ್ದಳು, ಪಕ್ಕದ ಬೀದಿಯ ಅಂಗಡಿಯಿಂದ ತಂದಿದ್ದರೂ.

ಮಾಸ್ತಿಕಟ್ಟೆಯ ಹತ್ತಿರ ವಾರಾಹಿಯ ವಿಚಾರ ಬರುತ್ತದೆ, ನೀರು ಕಾಣುವುದಿಲ್ಲ. ಮಾಣಿ ಅಣೆಕಟ್ಟೆಯಲ್ಲಿ ನಿಂತ ನೀರು ಸುರಂಗದೊಳಗೆ ಇಳಿದು, ಹೊಸಂಗಡಿಯ ಬಳಿಯ ಭೂಗರ್ಭ ವಿದ್ಯುದಾಗಾರದಲ್ಲಿ 460 ಮೆಗಾವಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸಿ ಹೊರಬರುತ್ತದೆ. 455 ಮೀಟರ್ ಎತ್ತರದಿಂದ ಬೀಳುತ್ತಿದ್ದ ಕುಂಚಿಕಲ್ ಜಲಪಾತ ಈ ಕಾರಣಕ್ಕಾಗಿ ಮಳೆಗಾಲದಲ್ಲಿ ಮಾತ್ರ ಜಲಪಾತ. ನಾನು ಟಾರು ರಸ್ತೆಯ ಮೇಲೆ ಇಳಿಯುವಾಗ ನದಿ ಬಂಡೆಯ ಒಳಗೆ ಇಳಿಯುತ್ತಿತ್ತು ಎನ್ನಬೇಕು.

ಹುಲಿಕಲ್ ಘಟ್ಟದಲ್ಲಿ ಚಂಡಿಕಾಂಬಾ ಗುಡಿಯ ಮುಂದೆ ನಿಲ್ಲದೆ ಹೋಗುವ ಲಾರಿ ಚಾಲಕರು ಕಡಿಮೆ. ನಾನೂ ನಿಂತು ಕಾಣಿಕೆ ಹಾಕಿದೆ. ಹಳೆಯ ಗಾಡಿಯಲ್ಲಿ ಘಟ್ಟ ಇಳಿಯುವವರಿಗೆ ಒಂದು ಮಾತು ಹೇಳಬೇಕು. ಯಾವ ಗೇರಿನಲ್ಲಿ ಹತ್ತಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು, ಕ್ಲಚ್ ಮುಟ್ಟಬಾರದು. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡಿಕೊಂಡು ಜಾರುವವರನ್ನು ನಾನು ಕಂಡಿದ್ದೇನೆ. ನಾಲ್ಕನೇ ತಿರುವಿನ ಹೊತ್ತಿಗೆ ಡ್ರಮ್ ಕಾದು, ಲೈನರ್ ಸುಟ್ಟ ವಾಸನೆ ಬಂದು, ಕಾಲಿನ ಕೆಳಗಿನ ಬ್ರೇಕು ಮೆತ್ತಗಾಗಿಬಿಡುತ್ತದೆ. ಎರಡನೇ ಗೇರಿನಲ್ಲಿ ಎಂಜಿನ್ ಗುರುಗುಟ್ಟುತ್ತ ತಾನೇ ಹಿಡಿದುಕೊಳ್ಳುತ್ತಿತ್ತು. ಅರ್ಧ ಘಟ್ಟ ಇಳಿಯುವಷ್ಟರಲ್ಲಿ ಚಳಿ ಬಿಟ್ಟಿತು, ಹೊಸಂಗಡಿಯಲ್ಲಿ ಸ್ವೆಟರ್ ಬಿಚ್ಚಿ ಸೀಟಿಗೆ ಕಟ್ಟಿದೆ. ಕಂಡ್ಲೂರಿನ ಸೇತುವೆಯ ಮೇಲೆ ವಾರಾಹಿ ಮತ್ತೆ ಕಂಡಿತು: ಅಗಲವಾಗಿ, ಅವಸರವಿಲ್ಲದೆ, ಎರಡೂ ದಂಡೆಗೆ ತೆಂಗು ಹಚ್ಚಿಕೊಂಡು. ಬಸ್ರೂರಿನಲ್ಲಿ ರಸ್ತೆ ಊರಿನೊಳಗೆ ಹಾಯುತ್ತದೆ. 1665ರಲ್ಲಿ ಶಿವಾಜಿಯ ಹಡಗುಗಳು ಇಲ್ಲಿಗೆ ಬಂದು ಲೂಟಿ ಮಾಡಿದವೆಂಬುದನ್ನು, ಬೆಳಗಿನ ಆ ನಿದ್ದೆಗಣ್ಣಿನ ಊರನ್ನು ನೋಡಿದರೆ ಒಪ್ಪಿಕೊಳ್ಳುವುದು ಕಷ್ಟ.

ಕುಂದಾಪುರದಿಂದ ಉತ್ತರಕ್ಕೆ ತಿರುಗಿದರೆ ಹೆದ್ದಾರಿ 66, ನಾವು ಹುಡುಗರಾಗಿದ್ದಾಗಿನ 17. ಇದನ್ನು ಕರಾವಳಿ ರಸ್ತೆ ಎನ್ನುತ್ತಾರೆ. ಆದರೆ ಹೊನ್ನಾವರದವರೆಗಿನ ಸುಮಾರು 90 ಕಿಲೋಮೀಟರಿನಲ್ಲಿ ಕಡಲು ಕಣ್ಣಿಗೆ ಬೀಳುವ ಹೊತ್ತನ್ನೆಲ್ಲ ಕೂಡಿಸಿದರೆ ಒಂದು ಲೋಟ ಚಹಾ ಕುಡಿಯುವಷ್ಟು ಸಮಯವಾದೀತು. ಚತುಷ್ಪಥವಾದ ಮೇಲಂತೂ ಎದುರಿಗೆ ಕಾಣುವುದು ಡಿವೈಡರ್, ಸರ್ವಿಸ್ ರಸ್ತೆ ಮತ್ತು ಕಾಂಕ್ರೀಟ್ ಗೋಡೆ. ಕಡಲು ಇರುವುದು ಬೇರೆ ಗುರುತುಗಳಲ್ಲಿ. ಸೇತುವೆಯ ಮೇಲೆ ಬಂದಾಗ ಎಡಕ್ಕೆ ಆಕಾಶ ಒಮ್ಮೆಲೇ ತಗ್ಗಿಗೆ ಇಳಿದುಬಿಡುತ್ತದೆ, ಮೀನು ಸಾಗಿಸುವ ಲಾರಿ ಮುಂದೆ ಹೋದಾಗ ಅದರಿಂದ ಸೋರುವ ನೀರು ಕಪ್ಪು ಗೆರೆಯಾಗಿ ರಸ್ತೆಯ ಮೇಲೆ ಉಳಿಯುತ್ತದೆ, ಹನ್ನೊಂದು ಗಂಟೆಯ ಮೇಲೆ ಗಾಳಿ ಪಡುವಣದಿಂದ ಎದ್ದು ಹಗುರವಾದ ಬೈಕನ್ನು ಬಲಕ್ಕೆ ತಳ್ಳುತ್ತದೆ. ಉತ್ತರಕ್ಕೆ ಹೋಗುವವನು ಹ್ಯಾಂಡಲನ್ನು ಮಧ್ಯಾಹ್ನವಿಡೀ ಒಂದಿಷ್ಟು ಎಡಕ್ಕೆ ಒತ್ತಿ ಹಿಡಿದೇ ಇರಬೇಕು. ಸಂಜೆ ನನ್ನ ಎಡ ಭುಜ ನೋಯುತ್ತಿದ್ದುದು ಇದಕ್ಕೇ.

ಮರವಂತೆ ಈ ಮಾತಿಗೆ ದೊಡ್ಡ ಅಪವಾದ. ತ್ರಾಸಿ ದಾಟುತ್ತಲೇ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ರಸ್ತೆ ಮಾತ್ರ. ಎಲ್ಲರೂ ಕಡಲಿಗೆ ಮುಖ ಮಾಡಿ ನಿಂತಿದ್ದರು. ನಾನು ತೆಗೆದುಕೊಂಡ ಸಮಯವೆಲ್ಲ ನದಿಯ ಬದಿಗೆ. ಕೊಡಚಾದ್ರಿಯ ಮೈಯಿಂದ ಇಳಿದು ಬಂದ ಈ ನದಿ, ಕಲ್ಲೆಸೆದರೆ ಕಡಲಿಗೆ ಬೀಳುವಷ್ಟು ಹತ್ತಿರ ಬಂದು, ಮಾರಸ್ವಾಮಿ ಗುಡಿಯ ಬಳಿ ಮನಸ್ಸು ಬದಲಿಸಿದ ಹಾಗೆ ಹಿಂದಕ್ಕೆ ತಿರುಗಿ, ತೆಂಕಣಕ್ಕೆ ಹರಿದು, ಅರಾಟೆಯಲ್ಲಿ ಇದೇ ಹೆದ್ದಾರಿಯ ಕೆಳಗೆ ಹಾಯ್ದು ಗಂಗೊಳ್ಳಿಯ ಅಳಿವೆಯಲ್ಲಿ ವಾರಾಹಿಯನ್ನೂ ಉಳಿದ ಹೊಳೆಗಳನ್ನೂ ಕೂಡಿಕೊಂಡೇ ಕಡಲು ಸೇರುತ್ತದೆ. ಬೆಳಿಗ್ಗೆ ನನ್ನ ಜೊತೆ ಇಳಿದ ನೀರು ಅಲ್ಲಿ ಇದರ ದಾರಿ ಕಾಯುತ್ತಿತ್ತು. ಅಲೆಗಳ ತುಂತುರು ತಡೆಗೋಡೆಯ ಬಂಡೆಗಳನ್ನು ಹಾರಿ ಬಂದು ಹೆಲ್ಮೆಟ್ಟಿನ ಗಾಜಿನ ಮೇಲೆ ಕುಳಿತಿತ್ತು. ಬಟ್ಟೆಯಿಂದ ಒರೆಸಿದಷ್ಟೂ ಮಬ್ಬಾಯಿತು. ಉಪ್ಪಿಗೆ ಸಿಹಿನೀರೇ ಆಗಬೇಕು, ಕುಡಿಯುವ ಬಾಟಲಿಯಿಂದ ತೊಳೆದೆ.

ನಾವುಂದ ದಾಟಿ ಎರಡು ಕಿಲೋಮೀಟರ್ ಆಗಿರಲಿಲ್ಲ, ಹಿಂದಿನ ಚಕ್ರ ಓಲಾಡಿತು. ತಳ್ಳಿಕೊಂಡು ಹೋದೆ. ಪಂಕ್ಚರ್ ಅಂಗಡಿ ಎಂದರೆ ರಸ್ತೆಯಂಚಿನ ಒಂದು ತಗಡಿನ ಚಪ್ಪರ, ಕಟ್ಟಿಗೆಯ ಬೆಂಚು, ನೇತು ಹಾಕಿದ ಹಳೆಯ ಟೈರು. ಅಂಗಡಿಯವರು ಅರವತ್ತು ದಾಟಿದವರು. ಶಿವಮೊಗ್ಗದ ನಂಬರನ್ನು ನೋಡಿ, “ಎಂತ ಮಾರಾಯ್ರೆ, ಇದ್ರಲ್ಲಿ ಒಬ್ರೇ ಬಂದದ್ದಾ?” ಎಂದರು. ಟ್ಯೂಬಿಗೆ ಗಾಳಿ ಹೊಡೆದು ಬಾನಿಯ ನೀರಿನಲ್ಲಿ ಇಂಚಿಂಚಾಗಿ ಮುಳುಗಿಸುತ್ತ ಬಂದರು. ಒಂದು ಕಡೆಯಿಂದ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಅಲ್ಲಿ ಕಡ್ಡಿಯಿಂದ ಗುರುತು ಮಾಡಿ, ಟೈರಿನ ಒಳಗೆ ಬೆರಳಾಡಿಸುತ್ತ ಹೋಗಿ, ಫಕ್ಕನೆ ನಿಲ್ಲಿಸಿ, ಇಕ್ಕಳದಿಂದ ಎಳೆದು ತೆಗೆದದ್ದು ಮೊಳೆಯಲ್ಲ, ಕೂದಲಿಗಿಂತ ತುಸು ದಪ್ಪದ ಉಕ್ಕಿನ ತಂತಿ. ದೊಡ್ಡ ಲಾರಿಗಳ ಟೈರು ಸಿಡಿದಾಗ ಅದರೊಳಗಿನ ತಂತಿ ಚೂರುಚೂರಾಗಿ ರಸ್ತೆಯ ಅಂಚಿಗೆ ಬಂದು ಸೇರುತ್ತದೆಯಂತೆ. ವೇಗವಾಗಿ ಹೋಗುವವರು ನಡುವೆ ಹೋಗುತ್ತಾರೆ. ನನ್ನಂಥವರು ಜೀವ ಉಳಿಸಿಕೊಳ್ಳಲು ಅಂಚನ್ನು ಹಿಡಿಯುತ್ತಾರೆ, ತಂತಿ ಇರುವುದೂ ಅಲ್ಲೇ. ನಿಧಾನವಾಗಿ ಹೋದರೆ ಸುರಕ್ಷಿತವೆಂದು ಬೆಳಗಿನಿಂದ ಬೀಗುತ್ತಿದ್ದ ನನಗೆ ಇದನ್ನು ಕೇಳಿ ಸ್ವಲ್ಪ ಮುಖಭಂಗವಾಯಿತು. ಅವರು ಆ ತಂತಿಯನ್ನು ಎಸೆಯಲಿಲ್ಲ; ಚಪ್ಪರದ ಕಂಬಕ್ಕೆ ಕಟ್ಟಿದ್ದ ಡಬ್ಬಿಗೆ ಹಾಕಿದರು. ಡಬ್ಬಿಯಲ್ಲಿ ಅಂಥವು ಅರ್ಧದಷ್ಟು ತುಂಬಿದ್ದವು.

ಮುಂದಿನ ದಾರಿಯನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಓಡಿಸುವಾಗಲೂ ಬೇಗ ಮುಗಿಸಿದೆ. ಬೈಂದೂರಿನ ಒತ್ತಿನೆಣೆ ಏರಿಳಿದು, ಶಿರೂರಿನಲ್ಲಿ ಉಡುಪಿ ಜಿಲ್ಲೆ ಮುಗಿಯಿತು. ಅಲ್ಲೇ ಒಂದು ಸಣ್ಣ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಸಾರು ಹಾಕಿಸಿಕೊಂಡು ಉಂಡೆ. ಆಮೇಲೆ ಹತ್ತು ನಿಮಿಷ ಸುಮ್ಮನೆ ಕುಳಿತೆ, ತುಂಬಿದ ಹೊಟ್ಟೆಗೆ ಚತುಷ್ಪಥದ ಬಿಸಿಲು ಸೇರಿದರೆ ನಿದ್ದೆ ಖಂಡಿತ. ಭಟ್ಕಳದಲ್ಲಿ ವಾಹನ ದಟ್ಟಣೆ. ಮುರ್ಡೇಶ್ವರದ ಶಿವನನ್ನು ಹೆದ್ದಾರಿಯಿಂದಲೇ ನೆನೆದು ಮುಂದೆ ಹೋದೆ. ಕಾಸರಕೋಡು ದಾಟಿ ಶರಾವತಿಯ ಸೇತುವೆಗೆ ಬಂದಾಗ ಮೂರೂವರೆ. ಬಲಕ್ಕೆ ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆಯ ಸೇತುವೆ, ಎಡಕ್ಕೆ ಅಳಿವೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಬೊಗಸೆಯಲ್ಲಿ ಹಿಡಿಯಬಹುದಾದ ನೀರು ಇದು.

ಹೊನ್ನಾವರದ ಪೇಟೆಯಲ್ಲಿ ಒಣಮೀನು ಮಾರುವ ಹೆಂಗಸರ ಸಾಲಿನಲ್ಲಿ ಚೌಕಾಸಿ ಮಾಡಿ, ಒಂದು ಕಿಲೋ ಒಣಸಿಗಡಿಯನ್ನು ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಕಟ್ಟಿಸಿಕೊಂಡೆ. ಮೂರೂ ಸಾಲಲಿಲ್ಲ.

ಗೇರುಸೊಪ್ಪೆಯವರೆಗೆ ರಸ್ತೆ ನದಿಯನ್ನು ಹೆಚ್ಚು ಬಿಟ್ಟುಕೊಡುವುದಿಲ್ಲ. ಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿ ಆಳಿದ ಊರು. ಚತುರ್ಮುಖ ಬಸದಿ ಆಚೆ ದಡದ ಕಾಡಿನಲ್ಲಿದೆ, ಅದಕ್ಕೆ ಇನ್ನೊಂದು ದಿನ ಬೇಕು. ಇಲ್ಲಿಂದ ಮಾಲೆಮನೆ ಘಟ್ಟ. ಬೆಳಿಗ್ಗೆ ಎರಡನೇ ಗೇರಿನಲ್ಲಿ ಇಳಿದ ಗಾಡಿ ಎರಡನೇ ಗೇರಿನಲ್ಲೇ ಏದುಸಿರು ಬಿಡುತ್ತ ಹತ್ತಿತು. ಒಂದು ತಿರುವಿನಲ್ಲಿ ಕಾರು ನಿಲ್ಲಿಸಿ ಸಿಂಗಳೀಕಗಳಿಗೆ ಚಿಪ್ಸ್ ಎಸೆಯುತ್ತಿದ್ದರು. ಮರದ ಮೇಲೆ ಬದುಕುವ ಪ್ರಾಣಿಯನ್ನು ರಸ್ತೆಗಿಳಿಸಿ ಚಕ್ರದಡಿಗೆ ಕರೆಯುವ ಈ ಔದಾರ್ಯ ನನಗೆ ಸಹಿಸದು. ಹಾರ್ನ್ ಬಾರಿಸಿದೆ, ಬೈಸಿಕೊಂಡೆ. ಮಾವಿನಗುಂಡಿಯ ಹೊತ್ತಿಗೆ ಬಿಸಿಲು ಸತ್ತು ಚಳಿ ಮರಳಿತು, ಸ್ವೆಟರ್ ಮತ್ತೆ ಮೈಮೇಲೆ ಬಂತು. ತಾಳಗುಪ್ಪದಲ್ಲಿ ಚಹಾ ಕುಡಿಯುವಾಗ ಎರಡು ನಾಯಿಗಳು ಬಂದು ನನ್ನ ಬ್ಯಾಗಿನ ಮುಂದೆ ಬಹಳ ಗೌರವದಿಂದ ಕುಳಿತವು.

ಸಾಗರದಿಂದ ಮುಂದೆ ಕತ್ತಲು. ಎದುರು ಬರುವ ದೀಪಗಳಿಗೆ ಕಣ್ಣು ಕಿರಿದು ಮಾಡುತ್ತ ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಮನೆ ಸೇರಿದೆ. ನಾನು ಚಪ್ಪಲಿ ಬಿಡುವ ಮೊದಲೇ ಅಮ್ಮ ಬ್ಯಾಗಿನಿಂದ ಚೀಲ ತೆಗೆದು, ಗಂಟು ಬಿಚ್ಚಿ, ಒಂದು ಸಿಗಡಿಯನ್ನು ಬೆಳಕಿಗೆ ಹಿಡಿದು, ನಾಲಿಗೆಯ ತುದಿಗೆ ತಾಗಿಸಿ ನೋಡಿದಳು.

“ತೂಕಕ್ಕೆ ಅಂತ ಉಪ್ಪು ಸುರಿದಿದ್ದಾರೆ. ಎಷ್ಟು ಕೊಟ್ಟೆ?”

ಐವತ್ತು ರೂಪಾಯಿ ಕಡಿಮೆ ಮಾಡಿ ಹೇಳಿದೆ.