ಪಂಪ್ ಸ್ಟೌ ದುರಸ್ತಿ: ಹಳದಿ ಉರಿ ನೀಲಿಯಾಗುವವರೆಗೆ

ದಿನ 1

ಒಂದು ಲೀಟರ್ ಸೀಮೆಎಣ್ಣೆ ಹಿಡಿಯುವ ಹಿತ್ತಾಳೆ ಸ್ಟೌ, ಭರ್ರೆಂದು ಉರಿಯುವ ಬರ್ನರಿನದು. ಸ್ಟಾಕ್‌ಹೋಮ್‌ನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ ಪ್ರೈಮಸ್ಸಿನ ಮಾದರಿಯೇ. ತೊಂದರೆ ಎರಡು: ಪಂಪು ಹೊಡೆದರೆ ಗಾಳಿ ನಿಲ್ಲುವುದಿಲ್ಲ, ಹೊತ್ತಿಸಿದರೆ ಹಳದಿ ಉರಿ, ಪಾತ್ರೆಯ ತಳಕ್ಕೆಲ್ಲ ಮಸಿ.

ಬಿಚ್ಚುವ ಮೊದಲು ಒಂದು ಮಾತು ತಲೆಯಲ್ಲಿರಬೇಕು. ಸೀಮೆಎಣ್ಣೆ ದ್ರವವಾಗಿದ್ದಾಗ ಉರಿಯುವುದಿಲ್ಲ, ಉರಿಯುವುದು ಅದರ ಆವಿ. ತಟ್ಟೆಯಲ್ಲಿರುವ ತಣ್ಣನೆಯ ಸೀಮೆಎಣ್ಣೆಯ ಮೇಲೆ ಕಡ್ಡಿಯ ಉರಿ ಸುಳಿದರೂ ಅದು ಚಟ್ಟನೆ ಹೊತ್ತಿಕೊಳ್ಳದು. ಅದೇ ಎಣ್ಣೆ ಹೀರಿದ ಬತ್ತಿಯ ತುದಿ ಕ್ಷಣದಲ್ಲಿ ಹೊತ್ತುತ್ತದೆ. ಬತ್ತಿಯಲ್ಲಿ ಬಿಸಿಯಾಗಬೇಕಾದ ಎಣ್ಣೆ ಒಂದೆರಡು ಹನಿ ಮಾತ್ರ. ಪೆಟ್ರೋಲಿನ ಸ್ವಭಾವವೇ ಬೇರೆ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಅದು ಹೊತ್ತುವಷ್ಟು ಆವಿ ಬಿಡುತ್ತದೆ. ಈ ಸ್ಟೌವಿಗೆ ಒಂದು ಹನಿ ಪೆಟ್ರೋಲೂ ಬೆರೆಯಕೂಡದು.

ದಿನ 2

ಪಂಪಿನ ದಂಡ ಎಳೆದಾಗ ಚರ್ಮದ ವಾಷರ್ ಒಣಗಿ ಮುರುಟಿತ್ತು. ಮೆಷಿನ್ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟಲಿನಂತಿರುವ ಅಂಚನ್ನು ಬೆರಳಿನಿಂದ ಹಿಗ್ಗಿಸಿ ಕೂರಿಸಿದ್ದಾಯಿತು. ತೂರಿಸುವಾಗ ಅಂಚು ಹಿಂದಕ್ಕೆ ಮಡಚಿಕೊಂಡರೆ ಹೊಸ ವಾಷರ್ ಕೂಡ ಗಾಳಿ ದೂಡದು.

ಈಗ ಗಾಳಿ ತುಂಬುತ್ತದೆ, ಆದರೆ ಕೈ ಬಿಟ್ಟರೆ ದಂಡ ತಾನಾಗಿಯೇ ಮೇಲೇರುತ್ತದೆ. ಪಂಪಿನ ಕೊಳವೆಯ ತಳದಲ್ಲಿರುವ ಒಮ್ಮುಖ ವಾಲ್ವ್ ಸೋರುತ್ತಿದೆ ಎಂದೇ ಇದರ ಅರ್ಥ. ಉದ್ದನೆಯ ಕೀಲಿಯಿಂದ ಅದನ್ನು ತಿರುಗಿಸಿ ತೆಗೆದಾಗ ಒಳಗಿನ ರಬ್ಬರ್ ಬಿಲ್ಲೆಯ ನಡುವೆ ಗುಂಡನೆಯ ಗುಳಿ ಬಿದ್ದಿತ್ತು. ಎಣ್ಣೆ ತಾಳುವ ನೈಟ್ರೈಲ್ ರಬ್ಬರಿನ ಬಿಲ್ಲೆ ಹಾಕಿದೆವು. ಸಾದಾ ರಬ್ಬರ್ ಸೀಮೆಎಣ್ಣೆಗೆ ಉಬ್ಬಿ ಹಾಳಾಗುತ್ತದೆ. ಖಾಲಿ ಟ್ಯಾಂಕಿಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದಾಗ ಮುಚ್ಚಳದ ಬಳಿ ಮಾತ್ರ ಗುಳ್ಳೆ. ಅಲ್ಲಿಯೂ ವಾಷರ್ ಬದಲಾಯಿತು.

ದಿನ 3

ಬರ್ನರ್ ಬಿಚ್ಚುವಾಗ ಕೆಳಗಿನ ಕೊಳವೆಯನ್ನು ಇನ್ನೊಂದು ಸ್ಪ್ಯಾನರಿನಿಂದ ಬಿಗಿಯಾಗಿ ಹಿಡಿಯಲೇಬೇಕು, ಇಲ್ಲದಿದ್ದರೆ ಟ್ಯಾಂಕಿನ ಬೆಸುಗೆ ಕಿತ್ತುಬರುತ್ತದೆ. ನಡುವಿನ ಸೀಸದ ವಾಷರ್ ಒಮ್ಮೆ ಒತ್ತಿದ್ದು ಮತ್ತೆ ಬಾರದು, ಹೊಸದೇ ಬೇಕು.

ಹಳದಿ ಉರಿಯ ಗುಟ್ಟು ಬರ್ನರಿನಲ್ಲಿ ಆವಿ ಚಿಮ್ಮುವ ನಿಪ್ಪಲಿನಲ್ಲಿತ್ತು. ದಪ್ಪ ಸೂಜಿಯಿಂದ ಯಾರೋ ಚುಚ್ಚಿ ಚುಚ್ಚಿ ತೂತನ್ನು ಅಗಲಿಸಿದ್ದರು. ಎಳೆಕೂದಲಿನಂಥ ತೂತಿನಿಂದ ಚಿಮ್ಮುವ ಆವಿ ಸುತ್ತಲಿನ ಗಾಳಿಯನ್ನು ತನ್ನೊಂದಿಗೆ ಸೆಳೆದುಕೊಳ್ಳುತ್ತದೆ. ತೂತು ದೊಡ್ಡದಾದರೆ ಆವಿ ಹೆಚ್ಚಿ, ಸೆಳೆದ ಗಾಳಿ ಸಾಲದಾಗುತ್ತದೆ. ಆಗ ಪೂರ್ತಿ ಸುಡದೆ ಉಳಿದ ಇಂಗಾಲದ ಕಣಗಳು ಕಾದು ಹೊಳೆಯುವುದೇ ಆ ಹಳದಿ ಬೆಳಕು. ತಣ್ಣಗಾದರೆ ಅದೇ ಮಸಿ. ಹೊಸ ನಿಪ್ಪಲ್ ಹಾಕಿ, ಅದರ ಅಳತೆಗೆ ಸರಿಯಾದ ಪಿನ್ನನ್ನು ಮಾತ್ರ ಇಟ್ಟುಕೊಂಡೆವು.

ದಿನ 4

ಟ್ಯಾಂಕಿನ ಮುಕ್ಕಾಲು ಭಾಗಕ್ಕೆ ಸೋಸಿದ ಸೀಮೆಎಣ್ಣೆ. ಗಾಳಿ ಬಿಡುವ ತಿರುಪು ತೆರೆದೇ ಇದೆ. ಬರ್ನರನ್ನು ಮೊದಲು ಕಾಯಿಸಲು ಅದರ ಬುಡದ ಬಟ್ಟಲಿಗೆ ಸ್ಪಿರಿಟ್.

ಕಡ್ಡಿ ಗೀರಿದಾಗ ಏನಾಗುತ್ತದೆಂದು ನಿಧಾನವಾಗಿ ನೋಡಿ, ನೋಡುವಂಥದ್ದೇ. ಪೊಟ್ಟಣದ ಕಂದು ಪಟ್ಟಿಯಲ್ಲಿ ಕೆಂಪು ರಂಜಕ, ಗಾಜಿನ ಪುಡಿ. ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಗಂಧಕ, ಅಂಟು. ತಿಕ್ಕಿದ ಬಿಸಿಗೆ ರಂಜಕ ಹೊತ್ತಿ, ಕ್ಲೋರೇಟ್ ಒಡೆದು ಆಮ್ಲಜನಕ ಕೊಟ್ಟು ಬುಸ್ಸೆನ್ನುತ್ತದೆ. ಆಮೇಲೆ ಕಡ್ಡಿಗೆ ಹೀರಿಸಿದ ಮೇಣ ಕರಗಿ ಆವಿಯಾಗಿ ಉರಿಯುತ್ತದೆ, ಕೊನೆಗೆ ಮರ. ಬುಸ್ಸೆಂಬುದು ಅಡಗಿದ ಮೇಲೆಯೇ ಕಡ್ಡಿಯನ್ನು ಸ್ಪಿರಿಟ್ಟಿಗೆ ತಾಗಿಸಿ. ಮಳೆಗಾಲದಲ್ಲಿ ಅಂಟು ತೇವ ಹೀರಿ ಮೆತ್ತಗಾದರೆ ತಲೆ ಪಟ್ಟಿಗೆ ಉಜ್ಜಿಹೋಗುತ್ತದೆ, ಬಿಸಿಯೇ ಹುಟ್ಟುವುದಿಲ್ಲ.

ಸ್ಪಿರಿಟ್ ಮುಗಿಯುತ್ತ ಬಂದಾಗ ತಿರುಪು ಮುಚ್ಚಿ ನಾಲ್ಕೈದು ಪಂಪು. ಮೊದಲ ಪ್ರಯತ್ನದಲ್ಲಿ ಬೇಗ ಪಂಪು ಹೊಡೆದದ್ದು ತಪ್ಪಾಯಿತು: ಬರ್ನರ್ ಕಾದಿರಲಿಲ್ಲ, ಎಣ್ಣೆ ದ್ರವವಾಗಿಯೇ ಚಿಮ್ಮಿ ಮೊಳದುದ್ದ ಹಳದಿ ಉರಿ ಎದ್ದಿತು. ಕೂಡಲೇ ತಿರುಪು ತೆರೆದು ಗಾಳಿ ಬಿಟ್ಟು, ಸ್ಟೌ ಪೂರ್ತಿ ಆರಿ ತಣ್ಣಗಾದ ಮೇಲಷ್ಟೇ ಮತ್ತೆ ಸ್ಪಿರಿಟ್ ತುಂಬಿದೆವು. ಉರಿಯುವ ಬಟ್ಟಲಿಗೆ ಬಾಟಲಿಯಿಂದ ಸುರಿಯುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಅಪಾಯದ್ದು.

ಎರಡನೇ ಸಲ ಬಳೆಯಂತೆ ಸುತ್ತ ನೀಲಿ ಉರಿ, ಒಂದೇ ಸಮನೆ ಸದ್ದು. ಒಂದು ಕಡೆ ಮಾತ್ರ ಉರಿ ಗಿಡ್ಡ. ಮೇಲಿನ ತಟ್ಟೆ ಸೊಟ್ಟಗಿದೆ. ನಾಳೆ ಅದನ್ನು ತಟ್ಟಿ ನೇರ ಮಾಡಬೇಕು.