ಹದಿನಾಲ್ಕು ವರ್ಷದ ಭಗಂದರ, ಎರಡು ಬಾಟಲಿ

ಅಂದು ಆಪರೇಷನ್ ಟೇಬಲ್ ಮೇಲಿದ್ದವರಿಗೆ ಅರವತ್ತರ ಆಸುಪಾಸು. ಗುದದ್ವಾರದ ಪಕ್ಕ 14 ವರ್ಷದಿಂದ ಸೋರುತ್ತಿದ್ದ ಫಿಸ್ಟುಲಾ, ಅಂದರೆ ಭಗಂದರ: ಗುದದೊಳಗಿನಿಂದ ಹೊರಚರ್ಮಕ್ಕೆ ತೆರೆದುಕೊಂಡ ಸುರಂಗ. ಎರಡು ಆಪರೇಷನ್, ಒಮ್ಮೆ ಕ್ಷಾರಸೂತ್ರ (ಆಯುರ್ವೇದದ ಔಷಧಿ ದಾರ ಕಟ್ಟುವ ಚಿಕಿತ್ಸೆ) ಆಗಿತ್ತು. ಕೆರೆದು ತೆಗೆದದ್ದನ್ನು ಒಮ್ಮೆಯಾದರೂ ಲ್ಯಾಬಿಗೆ ಕಳಿಸಿದ ಕಾಗದ ಫೈಲಿನಲ್ಲಿರಲಿಲ್ಲ. ಅದು ಹೊಟ್ಟೆ ಉರಿಸುವ ಸಂಗತಿ.

ಆರು ತಿಂಗಳಿಂದ ಕೂರಲಾಗದಷ್ಟು ನೋವು. ಬರುತ್ತಿದ್ದುದು ಕೀವಲ್ಲ, ಲೋಳೆಸರದ ತಿರುಳಿನಂಥ ಅಂಟು. ಹಳೇ ಭಗಂದರದಲ್ಲಿ ಇಂಥ ಲೋಳೆ ಕಂಡರೆ ಕ್ಯಾನ್ಸರ್ ಅಲ್ಲವೆಂದು ಖಚಿತವಾಗುವವರೆಗೆ ಬಿಡಬಾರದು. ಬಹುಪಾಲು ಭಗಂದರಗಳು ಕ್ಯಾನ್ಸರ್ ಆಗುವುದೇ ಇಲ್ಲ, ನಿಜ. ಆದರೆ ಹತ್ತು ವರ್ಷ ದಾಟಿದ್ದು, ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆಯವರದ್ದು ಬೇರೆ ಲೆಕ್ಕ.

ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೊಸ್ಕೋಪಿಯಲ್ಲಿ ಏನೂ ಕಂಡಿರಲಿಲ್ಲ. ಗೆಡ್ಡೆ ಇರುವುದು ಕರುಳಿನ ಒಳಪದರದಲ್ಲಲ್ಲ, ಹೊರಗಿನ ಸುರಂಗದಲ್ಲಿ. ಕ್ಯಾಮೆರಾಕ್ಕೆ ಹೇಗೆ ಸಿಕ್ಕೀತು? ಭಗಂದರದ ಹೊರಬಾಯಿಯ ಅಂಚಿನ ಚರ್ಮದ ಬಯಾಪ್ಸಿಯೂ (ತುಣುಕು ತೆಗೆದು ಮಾಡುವ ಪರೀಕ್ಷೆ) ಬರೀ ಉರಿಯೂತ ಎಂದಿತ್ತು. ಎಂಆರ್‌ಐಯಲ್ಲಿ ಮಾತ್ರ ಬೆಳ್ಳಗೆ ಹೊಳೆಯುವ ಮಡು. ಕೀವಿನ ಗಡ್ಡೆಯೂ ಹಾಗೇ ಹೊಳೆಯುತ್ತದೆ, ಆದರೆ ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧ ಕೊಟ್ಟಾಗ ಅದರ ಅಂಚಷ್ಟೇ ಬೆಳಗುತ್ತದೆ. ಇಲ್ಲಿ ಒಳಗೆಲ್ಲ ಬಲೆಯಂತೆ ಗೆರೆಗಳು ಮೂಡಿದ್ದವು.

ಬೆನ್ನಿಗೆ ಅರಿವಳಿಕೆ ಕೊಟ್ಟು, ಹೊರಬಾಯಿಯಿಂದ ಪ್ರೋಬ್ ಎಂಬ ತೆಳು ಸಲಾಕೆ ಇಳಿಸಿ, ಗುದದೊಳಗಿನ ಬೆರಳಿನಿಂದ ಅದರ ತುದಿಯನ್ನು ಹಿಂಬಾಲಿಸಿದಾಗ ಒಂದೆಡೆ ಗಟ್ಟಿ ಸಿಕ್ಕಿತು. ಆ ಬಾಯಿ ಅಗಲಿಸಿ ಕ್ಯುರೆಟ್, ಅಂದರೆ ಕೆರೆಯುವ ಚಮಚ, ಆಡಿಸಿದರೆ ಚಮಚದ ತುಂಬ ಲೋಳೆ. ಅದನ್ನಷ್ಟೇ ಕಳಿಸಿದರೆ ಪ್ರಯೋಜನವಿಲ್ಲ, ಅದರಲ್ಲಿ ಜೀವಕೋಶಗಳು ತೀರಾ ವಿರಳ. ಸುರಂಗದ ಗೋಡೆಯ ಆಳದಿಂದಲೇ ಆರು ತುಣುಕು ಬೇಕಾಯಿತು. ಅವು ಹೋದದ್ದು ತಮ್ಮ ಗಾತ್ರದ ಹತ್ತು ಪಟ್ಟು ಫಾರ್ಮಲಿನ್ (ಕೊಳೆಯದಂತೆ ಕಾಯುವ ದ್ರಾವಣ) ಇದ್ದ ಬಾಟಲಿಗೆ. ಎರಡನೇ ಬಾಟಲಿಯಲ್ಲಿ ಬರೀ ಸಲೈನ್, ಟಿಬಿ ಪರೀಕ್ಷೆಗೆ. ನಮ್ಮ ಕಡೆ ವಾಸಿಯಾಗದ ಭಗಂದರಕ್ಕೆ ಟಿಬಿಯೂ ಕಾರಣವಿರುತ್ತದೆ. ಫಾರ್ಮಲಿನ್‌ಗೆ ಬಿದ್ದರೆ ರೋಗಾಣು ಸತ್ತು, ಅದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಬೆಳೆಯುವುದಿಲ್ಲ. ಕೊನೆಗೆ ಒಳಗೆ ಕಟ್ಟಿಕೊಳ್ಳದೆ ಸೋರಿ ಹೋಗಲೆಂದು ಸುರಂಗದ ಮೂಲಕ ಸಡಿಲವಾಗಿ ಸೀಟನ್ ದಾರ.

ವರದಿ ಬಂತು: ಮ್ಯೂಸಿನಸ್ ಅಡೆನೊಕಾರ್ಸಿನೋಮ, ಅಂದರೆ ಲೋಳೆ ಸುರಿಸುವ ಕ್ಯಾನ್ಸರ್. ತೊಡೆಸಂದಿನ ಗ್ರಂಥಿಗಳ ಪರೀಕ್ಷೆ, ಎದೆ ಮತ್ತು ಹೊಟ್ಟೆಯ ಸಿಟಿ ಆದವು. ಐದಾರು ವಾರ ಕೀಮೋ ಜೊತೆ ರೇಡಿಯೇಷನ್, ಆಮೇಲೆ ಗುದವನ್ನೂ ಗುದನಾಳವನ್ನೂ ತೆಗೆಯುವ ಆಪರೇಷನ್. ಮಲ ಹೋಗಲು ಹೊಟ್ಟೆಯ ಎಡಬದಿಯಲ್ಲಿ ಶಾಶ್ವತ ಸ್ಟೋಮಾ, ಅಂದರೆ ಕರುಳಿನ ಹೊರಬಾಯಿ. ಅದರ ಜಾಗವನ್ನು ಮಲಗಿಸಿ ಗುರುತಿಸಿದರೆ ಸಾಲದು. ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಬೇಕು. ಇವರು ಪಂಚೆ ಉಡುವವರು. ಉಟ್ಟು ನಿಂತಾಗ ಗಂಟು ಎಲ್ಲಿ ಬರುತ್ತದೋ ಅಲ್ಲಿಂದ ಎರಡು ಬೆರಳು ಮೇಲೆ, ಚರ್ಮ ಮಡಚದ ಕಡೆ, ಪೆನ್ನಿನಿಂದ ಗುರುತು ಬಿತ್ತು.